ಯಾವ ತಾಪಮಾನ ಎಂಬುದನ್ನೂ ಹೇಳಬೇಕಿತ್ತು

ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಬಗೆಗಿನ ಲೇಖನವೊಂದನ್ನು ಓದಿದೆ. ಕೊಳ್ಳುವಾಗ ಚೀಲದ ಮೇಲೆ ಬರೆದ ತಾಪಮಾನ ನೋಡಿದರೆ ಸಾಕು ಎಂದು ಅದರ ಲೇಖಕರು ಹೇಳಿದ್ದಾರೆ. ನಾನೂ ಹಾಗೆಯೇ ಕೊಂಡವನು. ಮೈನಸ್ 5 ಡಿಗ್ರಿ ಎಂದಿದ್ದ ಚೀಲದೊಳಗೆ ಪ್ಲಸ್ 2ರಲ್ಲೇ ಇಡೀ ರಾತ್ರಿ ಹಲ್ಲು ಕಟಕಟಿಸುತ್ತ ಕಳೆದೆ. ಆಮೇಲೆ ಪಟ್ಟಿಯನ್ನು ಸರಿಯಾಗಿ ಓದಿದಾಗ ತಿಳಿಯಿತು, ಅದು ಎಕ್ಸ್‌ಟ್ರೀಮ್ ಅಂಕಿ!

ಐಎಸ್‌ಒ 23537 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪರೀಕ್ಷೆಗೊಳಪಟ್ಟ ಚೀಲಗಳಿಗೆ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳಿರುತ್ತವೆ. ಮೊದಲನೆಯದು ಮೈ ಸಡಿಲ ಬಿಟ್ಟು ಮಲಗಬಹುದಾದ ಚಳಿ. ಎರಡನೆಯದು ಮುದುಡಿಕೊಂಡು ಹೇಗೋ ನಿದ್ದೆ ತೆಗೆಯಬಹುದಾದದ್ದು. ಮೂರನೆಯದು ನಿದ್ದೆಯ ಲೆಕ್ಕವೇ ಅಲ್ಲ, ಜೀವ ಉಳಿಸಿಕೊಳ್ಳುವ ಲೆಕ್ಕ. ಕೊಳ್ಳುವವರು ಕಂಫರ್ಟ್ ಅಂಕಿಯನ್ನಷ್ಟೇ ನೋಡಲಿ. ಬೇಗ ಚಳಿ ಹತ್ತುವ ಮೈಯಾದರೆ, ಹೋಗುವ ಜಾಗದ ಚಳಿಗಿಂತ ನಾಲ್ಕೈದು ಡಿಗ್ರಿ ಕೆಳಗಿನ ಕಂಫರ್ಟ್ ಅಂಕಿಯ ಚೀಲವನ್ನು ಆರಿಸಲಿ.

ಲೇಖನದಲ್ಲಿ ಚೀಲದಡಿ ಹಾಸುವ ಚಾಪೆಯ ಮಾತೇ ಇಲ್ಲದಿರುವುದು ಅಚ್ಚರಿ. ನಮ್ಮ ಭಾರಕ್ಕೆ, ಚೀಲದಲ್ಲಿ ಬೆನ್ನಡಿ ತುಂಬಿರುವುದೆಲ್ಲ ಚಪ್ಪಟೆಯಾಗಿ ಅದರೊಳಗಿನ ಗಾಳಿ ಹೊರಟುಹೋಗುತ್ತದೆ. ಗಾಳಿಯೇ ಇಲ್ಲದ ಮೇಲೆ ಬೆಚ್ಚಗಿಡುವುದು ಯಾವುದು? ನೆಲ ನೇರವಾಗಿ ಮೈಯ ಶಾಖವನ್ನು ಹೀರುತ್ತದೆ. ಪರೀಕ್ಷೆಯಲ್ಲೂ ಚೀಲದಡಿ ಚಾಪೆ ಹಾಸಿಯೇ ಅಳೆಯುತ್ತಾರೆ. ಆದ್ದರಿಂದ ಚಾಪೆಯ ಆರ್-ವ್ಯಾಲ್ಯೂ, ಅಂದರೆ ಶಾಖ ಹೊರಹೋಗದಂತೆ ತಡೆಯುವ ಶಕ್ತಿಯ ಅಳತೆ, ಕೂಡ ನೋಡಬೇಕು; ಹೆಚ್ಚಿದ್ದಷ್ಟೂ ಬೆಚ್ಚಗೆ.

ಹಕ್ಕಿಯ ಮೃದುವಾದ ಒಳಗರಿ (ಡೌನ್) ತುಂಬಿದ ಚೀಲ ಹಗುರ ನಿಜ, ಆದರೆ ಒದ್ದೆಯಾದರೆ ಮುದ್ದೆ. ಮಳೆಯ ಸಾಧ್ಯತೆ ಇದ್ದರೆ ನಾನಂತೂ ಸಿಂಥೆಟಿಕ್ ಚೀಲವನ್ನೇ ಹೊರುತ್ತೇನೆ, ಬೆನ್ನು ಬೈದುಕೊಳ್ಳಲಿ. ಮನೆಗೆ ಬಂದ ಮೇಲೆ ಮಾತ್ರ ಯಾವುದನ್ನೂ ಬಿಗಿಯಾಗಿ ತುರುಕಿಡಬೇಡಿ, ಸಡಿಲವಾಗಿ ತೂಗುಹಾಕಿ.