ಸಿರಿಂಜ್ ಕೇಳಿ ಬಂದವರನ್ನು ಬೈದು ಕಳಿಸಬೇಡಿ

ಯಶವಂತಪುರದಲ್ಲಿ ಮೆಡಿಕಲ್ ಶಾಪ್ ಇಟ್ಟು 19 ವರ್ಷ ಆಯ್ತು. ಇವತ್ತು ಬರೀತಿರೋದು ಮುಖ್ಯವಾಗಿ ನನ್ನ ಕಸುಬಿನವರಿಗೆ.

ಒಂದು ರಾತ್ರಿ ಷಟರ್ ಎಳೆಯೋ ಹೊತ್ತಿಗೆ ಒಬ್ಬ ಹುಡುಗ ಬಂದ. ಇಪ್ಪತ್ತು ದಾಟಿರಲಿಲ್ಲ. ಏಪ್ರಿಲ್ ಸೆಕೆಯಲ್ಲೂ ತುಂಬುತೋಳಿನ ಅಂಗಿ. ‘ಅಣ್ಣಾ, 2 ಎಂಎಲ್ ಸಿರಿಂಜ್ ಒಂದು ಕೊಡಿ’ ಅಂದ. ನಶೆಗೆ ಚುಚ್ಚಿಕೊಳ್ಳೋಕೆ ಅಂತ ಗೊತ್ತಾಯ್ತು. ‘ಡಾಕ್ಟರ್ ಚೀಟಿ ತಗೊಂಡು ಬಾ, ಇಲ್ಲಾಂದ್ರೆ ಪೊಲೀಸರಿಗೆ ಹೇಳ್ತೀನಿ’ ಅಂತ ಗದರಿದೆ. ತಲೆ ತಗ್ಗಿಸಿ ಹೋದ.

ಎರಡು ತಿಂಗಳಾದ ಮೇಲೆ ಅವನ ತಾಯಿ ಆಂಟಿಬಯೋಟಿಕ್ ಚೀಟಿ ಹಿಡಿದು ಬಂದ್ರು. ಮಗನ ಮೊಣಕೈ ಹತ್ತಿರ ಕೀವು ತುಂಬಿ ಕೊಯ್ಯಬೇಕಾಯ್ತಂತೆ. ಗೆಳೆಯ ಚುಚ್ಚಿಕೊಂಡ ಸೂಜಿಯನ್ನೇ ಇವನೂ ಬಳಸ್ತಿದ್ದನಂತೆ. ನನ್ನ ಗದರಿಕೆಗೆ ಅವನ ಚಟ ಒಂದು ದಿನವೂ ನಿಂತಿರಲಿಲ್ಲ.

80ರ ದಶಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲೂ ಹೀಗೇ ಆಯ್ತು. ಸಿರಿಂಜ್ ಸಿಗೋದು ಕಷ್ಟವಾಯ್ತು, ಒಂದೇ ಸೂಜಿ ಹತ್ತಾರು ಕೈ ದಾಟಿತು. ಅಲ್ಲಿನ ಒಂದು ಕ್ಲಿನಿಕ್‌ಗೆ ಬರ್ತಿದ್ದ, ನಶೆಗೆ ಚುಚ್ಚಿಕೊಳ್ಳೋರ ರಕ್ತ ಪರೀಕ್ಷೆ ಮಾಡಿದಾಗ ಸುಮಾರು ಅರ್ಧದಷ್ಟು ಜನಕ್ಕೆ ಎಚ್‌ಐವಿ ಇತ್ತು. 1986ರಲ್ಲಿ ಆ ವರದಿ ಬಂತು. ಮರುವರ್ಷ ಫ್ರಾನ್ಸ್ ಮೆಡಿಕಲ್ ಶಾಪ್‌ಗಳಲ್ಲಿ ಚೀಟಿ ಇಲ್ಲದೆ ಸಿರಿಂಜ್ ಮಾರೋಕೆ ಬಿಟ್ಟಿತು. ನಮ್ಮ 2017ರ ಎಚ್‌ಐವಿ ಕಾಯ್ದೆ ಕೂಡ, ಸೋಂಕು ತಡೆಯೋಕೆ ಮಾರ್ಗಸೂಚಿ ಪ್ರಕಾರ ಸೂಜಿ ಹಂಚೋ ಕಾರ್ಯಕ್ರಮಗಳಿಗೆ ರಕ್ಷಣೆ ಕೊಟ್ಟಿದೆ. ಎಚ್‌ಐವಿ ಒಂದೇ ಅಲ್ಲ, ಲಿವರ್ ಹಾಳುಮಾಡೋ ಹೆಪಟೈಟಿಸ್ ಸಿ ವೈರಸ್ ಬಳಸಿದ ಸಿರಿಂಜ್ ಒಳಗೆ ವಾರಗಟ್ಟಲೆ ಜೀವ ಹಿಡಿದಿರುತ್ತೆ.

ಟಪೆಂಟಡಾಲ್ ಅನ್ನೋ ಬಲವಾದ ನೋವಿನ ಮಾತ್ರೆ ಮಾತ್ರ ಬೇರೆ ವಿಷಯ. ಚೀಟಿ ಇಲ್ಲದೆ ಅದನ್ನು ಮಾರೋರ ಪರವಾಗಿ ನಾನು ಒಂದು ಮಾತೂ ಆಡಲ್ಲ. ನುಂಗೋ ಮಾತ್ರೆಯನ್ನು ಹುಡುಗರು ನಶೆಗೆ ಪುಡಿಮಾಡಿ ಕಲಸಿ ರಕ್ತಕ್ಕೆ ಚುಚ್ಚಿಕೊಳ್ತಾರೆ. ಕರಗದ ಪುಡಿ ನಾಳಗಳನ್ನು ಕಟ್ಟಿಬಿಡುತ್ತೆ. ಆಸೆಗೆ ಬಿದ್ದು ಆ ಮಾತ್ರೆ ಕೊಡೋರೂ ನಮ್ಮವರೇ ಅನ್ನೋದು ನನಗೆ ನಾಚಿಕೆ ತರುತ್ತೆ.

ಇಂಥ ಮಕ್ಕಳು ಆಸ್ಪತ್ರೆಗೆ ಹೋಗಲ್ಲ, ಮನೆಯಲ್ಲಿ ಬಾಯಿ ಬಿಡಲ್ಲ. ನಮ್ಮ ಕೌಂಟರ್‌ಗೆ ಮಾತ್ರ ಬರ್ತಾರೆ. ಅಲ್ಲೂ ಬೈಗುಳವೇ ಸಿಕ್ಕರೆ ಇನ್ನೆಲ್ಲಿಗೆ ಹೋಗಬೇಕು? ನಾನೀಗ ಹೊಸ ಸಿರಿಂಜ್ ಕೊಡ್ತೀನಿ. ‘ಇದನ್ನ ಯಾರಿಗೂ ಕೊಡಬೇಡ, ಯಾರದ್ದೂ ತಗೋಬೇಡಪ್ಪ’ ಅಂತೀನಿ. ಬಿಲ್ಲಿನ ಹಿಂದೆ ಎರಡು ನಂಬರ್ ಬರೀತೀನಿ: ಎಚ್‌ಐವಿ ಸಹಾಯವಾಣಿ 1097, ವ್ಯಸನ ಬಿಡಿಸೋ ಸಹಾಯವಾಣಿ 14446. ಕೇಳೋ ಮನಸ್ಸಿದ್ದರೆ ನಿಮ್ಹಾನ್ಸ್ ಬಗ್ಗೆ ಹೇಳ್ತೀನಿ. ಚಟ ಬಿಡಿಸೋಕೆ ಡಾಕ್ಟರ್ ಕೊಡೋ, ನಾಲಿಗೆ ಕೆಳಗೆ ಇಟ್ಟುಕೊಳ್ಳೋ ಮಾತ್ರೆ ಬುಪ್ರೆನಾರ್ಫಿನ್‌ನಿಂದ ಸೂಜಿ ಬಿಟ್ಟವರಿದ್ದಾರೆ ಅಂತಲೂ ಹೇಳ್ತೀನಿ.

ಆ ಹುಡುಗ ಮಾತ್ರ ಮತ್ತೆ ಬಂದಿಲ್ಲ. ಅವನ ತಾಯಿ ಬಿಪಿ ಮಾತ್ರೆಗೆ ಪ್ರತಿ ತಿಂಗಳು ಬರ್ತಾರೆ. ಮಗ ಹೇಗಿದ್ದಾನಮ್ಮ ಅಂತ ಕೇಳೋಕೆ ನನಗಿನ್ನೂ ಬಾಯಿ ಬಂದಿಲ್ಲ.