ಆಪ್ಷನ್ ಎಂಟ್ರಿಯ ಮೊದಲ ಸಾಲು

ಸಿಇಟಿ ರ‍್ಯಾಂಕ್ ಪ್ರಕಟವಾದ ಮೇಲೆ ಬೆಟಗೇರಿಯ ನಮ್ಮ ಮನೆಯ ಕಟ್ಟೆ ಎರಡು ಮೂರು ವಾರ ಖಾಲಿ ಇರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನಾದ್ದರಿಂದ, ಮಕ್ಕಳ ಆಪ್ಷನ್ ಎಂಟ್ರಿಯೂ, ಅಂದರೆ ಬೇಕಾದ ಸೀಟುಗಳ ಪಟ್ಟಿಯನ್ನು ಆದ್ಯತೆಯ ಕ್ರಮದಲ್ಲಿ ತುಂಬುವುದೂ, ನನ್ನ ಪಾಲಿನ ಕೆಲಸವೆಂದು ಊರಿನವರೇ ತೀರ್ಮಾನಿಸಿಬಿಟ್ಟಿದ್ದಾರೆ. ಬಂದವರು ಚಹಾ ಕುಡಿಯುವ ಮೊದಲೇ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಹೆಸರಿದ್ದ ಕಾಲೇಜೆಲ್ಲಾ ಮ್ಯಾಲ ಹಾಕ್ರಿ ಸರ. ಬ್ರಾಂಚ್ ಯಾವುದಿದ್ದರೂ ನಡೀತದ."

ನಡೆಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡು ವರ್ಷದ ಹಿಂದೆ ಮುಂಡರಗಿ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಅವರ ಕೈಯಲ್ಲಿದ್ದ ನೋಟ್‌ಬುಕ್ಕಿನ ಹಾಳೆಯಲ್ಲಿ ಬೆಂಗಳೂರಿನಲ್ಲಿರುವ ಅವರ ಅಳಿಯ ಫೋನಿನಲ್ಲಿ ಬರೆಸಿದ್ದ ಹನ್ನೆರಡು ಕಾಲೇಜುಗಳ ಹೆಸರಿದ್ದವು. ಒಂದರ ಮುಂದೂ ಬ್ರಾಂಚ್ ಬರೆದಿರಲಿಲ್ಲ. ನಿನಗೇನು ಓದಬೇಕೆಂದಿದೆ ಎಂದು ಹುಡುಗಿಯನ್ನು ಕೇಳಿದೆ. ಅವಳು ಅಪ್ಪನ ಮುಖ ನೋಡಿ, "ಸಿವಿಲ್ ರೀ ಸರ" ಎಂದಳು. ಅವಳ ಊರಿನ ಕೆರೆಗೆ ಕೋಡಿ ಕಟ್ಟುವಾಗ ಬಂದಿದ್ದ ಎಂಜಿನಿಯರ್ ಮುಕ್ಕಾಲಿ ಸ್ಟ್ಯಾಂಡಿನ ಮೇಲೆ ದುರ್ಬೀನಿನಂಥದ್ದನ್ನು ಇಟ್ಟು ಅಳತೆ ಮಾಡುತ್ತಿದ್ದುದನ್ನು ಇಡೀ ದಿನ ನಿಂತು ನೋಡಿದ್ದಳಂತೆ. ಹನ್ನೆರಡು ಹೆಸರಿನ ಹಾಳೆ ಬರೆಸಿದವರಿಗೆ ಈ ಸಂಗತಿ ಗೊತ್ತಿರಲು ಸಾಧ್ಯವಿರಲಿಲ್ಲ.

ಸಿಇಟಿ ಸೀಟು ಹಂಚಿಕೆಯ ರೀತಿಯನ್ನು ಅರ್ಥ ಮಾಡಿಕೊಂಡರೆ ನಮ್ಮ ಅರ್ಧ ಗೊಂದಲ ಕಳೆಯುತ್ತದೆ. ಅಲ್ಲಿ ನಾವು ಆರಿಸುವುದು ಬರಿಯ ಕಾಲೇಜನ್ನಲ್ಲ. ಕಾಲೇಜು ಮತ್ತು ಬ್ರಾಂಚ್ ಸೇರಿ ಒಂದು ಆಪ್ಷನ್. ಕಂಪ್ಯೂಟರ್ ರ‍್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ಓದುತ್ತ ಬಂದು, ಖಾಲಿ ಇರುವ ಮೊದಲ ಸೀಟನ್ನು ಕೊಟ್ಟು ಅಲ್ಲಿಗೇ ನಿಲ್ಲುತ್ತದೆ. ಸಿಗಲಾರದು ಎನಿಸಿದರೂ ನಿಜವಾಗಿ ಬೇಕಾದದ್ದನ್ನು ಮೇಲೆ ಬರೆದರೆ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಬೇಡವಾದದ್ದನ್ನು ಹೆಸರಿನ ಆಸೆಗೆ ಮೇಲಿಟ್ಟು ಅದೇ ಸಿಕ್ಕಿತೆಂದರೆ, ಅದರ ಕೆಳಗಿದ್ದ ಬೇಕಾದವೆಲ್ಲ ಕೈಬಿಟ್ಟು ಹೋಗುತ್ತವೆ. ಮುಂದಿನ ಸುತ್ತಿಗೆ ಕಾಯುತ್ತೇನೆಂದರೂ ಉಳಿಯುವುದು ಅದಕ್ಕಿಂತ ಮೇಲೆ ಬರೆದವು ಮಾತ್ರ. ಅಂದರೆ ಆ ಅರ್ಜಿ ನಮ್ಮನ್ನು ಕೇಳುವುದು 'ನಿನಗೆ ಯಾವುದು ಹೆಚ್ಚು ಬೇಕು' ಎಂಬ ಪ್ರಶ್ನೆಯನ್ನು. ನಾವು ಅದಕ್ಕೆ ನೆಂಟರ ಉತ್ತರವನ್ನು ಬರೆದು ಬರುತ್ತೇವೆ.

ನಾನೂ ಬರೆದು ಬಂದವನೇ. 1996ರಲ್ಲಿ ಕೌನ್ಸೆಲಿಂಗ್‌ಗೆ ಬೆಂಗಳೂರಿಗೇ ಹೋಗಿ ಸೀಟು ಆರಿಸಿಕೊಳ್ಳಬೇಕಿತ್ತು. ಅಪ್ಪ ಮಗ್ಗ ನಿಲ್ಲಿಸಿ ನನ್ನ ಜೊತೆ ಬಂದಿದ್ದ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ನನಗೆ ಮನಸ್ಸಿದ್ದ ಬ್ರಾಂಚೇ ಖಾಲಿ ಇದ್ದರೂ, ಸರದಿಯಲ್ಲಿ ಪಕ್ಕದಲ್ಲಿದ್ದವರೊಬ್ಬರು "ಅಷ್ಟು ದೊಡ್ಡ ಹೆಸರಿನ ಕಾಲೇಜು ಸಿಗುವಾಗ ಯಾರಾದರೂ ಊರಿಗೆ ವಾಪಸ್ ಹೋಗ್ತಾರಾ?" ಎಂದ ಒಂದೇ ಮಾತಿಗೆ ನಾವಿಬ್ಬರೂ ಕರಗಿ, ಹೆಸರನ್ನೇ ಎಂದೂ ಕೇಳಿರದ ಒಂದು ಬ್ರಾಂಚಿಗೆ ಒಪ್ಪಿಕೊಂಡು ಬಂದೆವು. ಆ ಕಾಲೇಜಿನ ಮೇಲೆ ನನಗೆ ಇವತ್ತಿಗೂ ದೂರಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್ ತರಗತಿಯಲ್ಲಿ ಎಲ್ಲರೂ ಗೆರೆ ಎಳೆಯುವ ಸಾಧನವಾದ ಮಿನಿ ಡ್ರಾಫ್ಟರನ್ನು ಬೋರ್ಡಿಗೆ ಸಲೀಸಾಗಿ ಬಿಗಿಯುತ್ತಿದ್ದಾಗ, ಅದನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ತಿಳಿಯದೆ ಕೂತಿದ್ದ ನನಗೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾಲಿಗೆಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ಅದೇ ಹಾಸ್ಟೆಲಿನಲ್ಲಿದ್ದ ನರಗುಂದದ ಗೆಳೆಯ ಅದೇ ಇಂಗ್ಲಿಷಿನೊಂದಿಗೆ ಗುದ್ದಾಡಿ, ನಾಲ್ಕೇ ವರ್ಷಕ್ಕೆ ಪಾಸಾಗಿ, ಒಳ್ಳೆಯ ಕೆಲಸವನ್ನೂ ಹಿಡಿದ. ಅವನಿಗೆ ಹೊಂದಿದ್ದು ನನಗೆ ಹೊಂದಲಿಲ್ಲ, ಅಷ್ಟೇ. ಮರುವರ್ಷ ನಾನು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಅಪ್ಪ ಆ ವಿಷಯವನ್ನು ಓಣಿಯವರಿಗೆ ಆರು ತಿಂಗಳು ಹೇಳಿರಲಿಲ್ಲ.

ಕರ್ನಾಟಕ ಕಾಲೇಜು ಶುರುವಾದದ್ದು 1917ರಲ್ಲಿ. ಅದಕ್ಕೆ ಮೊದಲು ನಮ್ಮ ಕಡೆಯವರು ಪದವಿ ಓದಲು ಪುಣೆ, ಮುಂಬೈಗಳಿಗೆ ಹೋಗಬೇಕಿತ್ತು. ಅವರ ದೂರದ ಪಯಣಕ್ಕೆ ಹೆಸರಿನ ಆಸೆ ಕಾರಣವಾಗಿರಲಿಲ್ಲ, ಹತ್ತಿರದಲ್ಲಿ ಕಾಲೇಜೇ ಇರಲಿಲ್ಲ. ಇಂದು ಹುಬ್ಬಳ್ಳಿ-ಧಾರವಾಡದ ನಡುವಿನ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲೇ ಕೃಷಿ, ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವೂ ಇವೆ. ಆದರೂ ಊರ ಹೊರಗಿನ ಹೆಸರೇ ದೊಡ್ಡದು ಎಂಬ ಹಳೆಯ ರೂಢಿ ಮಾತ್ರ ಹೋಗಿಲ್ಲ.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲ ಎನ್ನುವುದು ಸುಳ್ಳಾದೀತು. ದೊಡ್ಡ ಕಂಪನಿಗಳು ಕ್ಯಾಂಪಸ್ ಸಂದರ್ಶನಕ್ಕೆ ತಾವು ಬಲ್ಲ ಕಾಲೇಜುಗಳಿಗೇ ಮೊದಲು ಹೋಗುತ್ತವೆ. ಜೊತೆಗೆ ಕೂತು ಓದುವವರು ಚುರುಕಾಗಿದ್ದರೆ ನಾವೂ ಚುರುಕಾಗುತ್ತೇವೆ. ಧಾರವಾಡಕ್ಕೆ 2016ರಲ್ಲಿ ಐಐಟಿ ಬಂದಾಗ ಅದಕ್ಕೆ ಸ್ವಂತ ಕಟ್ಟಡವೇ ಇರಲಿಲ್ಲ, ತರಗತಿಗಳು ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿಯ ಆವರಣದಲ್ಲಿ ನಡೆದವು. ಆದರೂ ಮಕ್ಕಳು ಬಂದರು, ಏಕೆಂದರೆ ಆ ಮೂರಕ್ಷರದ ಹೆಸರನ್ನು ಹಳೆಯ ಐಐಟಿಗಳು ಅಷ್ಟರಲ್ಲಾಗಲೇ ಗಳಿಸಿಟ್ಟಿದ್ದವು. ಅಂಥ ಹೆಸರು ಸಿಗುವಂತಿದ್ದರೆ ಯಾರೂ ಬೇಡವೆನ್ನುವುದಿಲ್ಲ, ನಾನೂ ಅನ್ನುವುದಿಲ್ಲ. ನನ್ನ ತಕರಾರು ಇರುವುದು ನಡುವಿನ ಹೆಸರುಗಳ ಬಗ್ಗೆ, ಮದುವೆಯ ಪಂಕ್ತಿಯಲ್ಲಿ ಹೇಳಿಕೊಳ್ಳಲು ಚೆನ್ನಾಗಿರುವ, ಆದರೆ ಕಲಿಕೆಯಲ್ಲಿ ನಮ್ಮ ಊರಿನ ಕಾಲೇಜಿಗಿಂತ ಯಾವುದರಲ್ಲಿ ಮೇಲೆಂದು ಕೇಳಿದರೆ ಯಾರೂ ಬಾಯಿ ಬಿಡದಂಥ ಹೆಸರುಗಳ ಬಗ್ಗೆ.

ರ‍್ಯಾಂಕಿಂಗ್ ಪಟ್ಟಿ ತೋರಿಸುವವರಿಗೆ ಒಂದು ವಿಷಯ ಹೇಳಬೇಕು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬೋಧನೆ ಮತ್ತು ಸಂಪನ್ಮೂಲಕ್ಕೆ ನೂರಕ್ಕೆ 30, ಸಂಶೋಧನೆಗೂ 30 ಅಂಕಗಳಿವೆ. ಜನರ ಅಭಿಪ್ರಾಯಕ್ಕೇ 10. ಬಿ.ಇ. ಮೊದಲ ವರ್ಷದ ಹುಡುಗನಿಗೆ ಆ ಸಂಶೋಧನೆಯಿಂದ ಸಿಗುವುದು ಬಹಳ ಕಡಿಮೆ. ಹಾಗೆಯೇ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಕೊಡುವ ದರ್ಜೆ ಇಡೀ ಸಂಸ್ಥೆಗೆ ಸಿಗುವಂಥದ್ದು. ನಿಮ್ಮ ಬ್ರಾಂಚಿನ ಮಾತು ತಿಳಿಯಬೇಕಿದ್ದರೆ ಆ ಕೋರ್ಸಿಗೆ, ಒಂದೊಂದು ಕೋರ್ಸನ್ನೂ ಬೇರೆಯಾಗಿ ಪರಿಶೀಲಿಸುವ ಎನ್‌ಬಿಎಯ ಮಾನ್ಯತೆ ಇದೆಯೇ ಎಂದು ಕೇಳಬೇಕು. ಎಲ್ಲಕ್ಕಿಂತ ಒಳ್ಳೆಯದೆಂದರೆ ಒಂದು ಸಾಧಾರಣ ದಿನ ಹೋಗಿ, ಕ್ಯಾಂಟೀನಿನಲ್ಲಿ ಕೂತು, ಮೂರನೇ ಸೆಮಿಸ್ಟರಿನ ಮಕ್ಕಳನ್ನು ಮಾತಾಡಿಸುವುದು. ಗೇಟಿನ ಫ್ಲೆಕ್ಸಿನಲ್ಲಿ ಫೋಟೊ ಹಾಕಿಸಿಕೊಂಡ, ಅತಿ ಹೆಚ್ಚಿನ ಸಂಬಳದ ಒಬ್ಬ ಹುಡುಗ ಅಲ್ಲಿ ಸಿಗುವುದಿಲ್ಲ, ಉಳಿದವರೆಲ್ಲ ಸಿಗುತ್ತಾರೆ.

'ಹೊಂದುವ ಕಾಲೇಜು' ಎಂಬ ನನ್ನದೇ ಮಾತು ನನ್ನ ಮೇಲೆ ತಿರುಗಿ ಬಿದ್ದದ್ದೂ ಉಂಟು. ನಮ್ಮಲ್ಲಿ ಆ ಮಾತು ಬಳಕೆಯಾಗುವುದು ಹೆಚ್ಚಾಗಿ ಹೆಣ್ಣುಮಕ್ಕಳ ವಿಷಯದಲ್ಲಿ. ಮಗನಾದರೆ ಸಾಲ ಮಾಡಿಯಾದರೂ ಬೆಂಗಳೂರು, ಮಗಳಾದರೆ "ಅಕಿಗೆ ಇಲ್ಲೇ ಹೊಂದತದ ಬಿಡ್ರಿ ಸರ". ಒಂದು ವರ್ಷ ನನ್ನ ಮಾತನ್ನೇ ಆಧಾರ ಮಾಡಿಕೊಂಡು ಒಬ್ಬರು, ಹೊರಗೆ ಹೋಗಲು ಹಂಬಲಿಸುತ್ತಿದ್ದ ಮಗಳನ್ನು ಮನೆಯ ಹಿಂದಿನ ಕಾಲೇಜಿಗೆ ಸೇರಿಸಿದರು. ಆ ಹುಡುಗಿ ಈಗಲೂ ಪೇಟೆಯಲ್ಲಿ ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾಳೆ, ಮಾತಾಡುವುದಿಲ್ಲ. ಹೊಂದುವುದೆಂದರೆ ಹತ್ತಿರವಿರುವುದು ಎಂದಾಗಲಿ, ಸುಲಭವಾಗಿರುವುದು ಎಂದಾಗಲಿ ನಾನು ಹೇಳಿರಲಿಲ್ಲ. ಆದರೆ ಹಾಗಲ್ಲ ಎಂದು ಬಿಡಿಸಿಯೂ ಹೇಳಿರಲಿಲ್ಲ. ಅಂದಿನಿಂದ ಮಗುವಿನ ಜೊತೆ ಐದು ನಿಮಿಷ ಪ್ರತ್ಯೇಕವಾಗಿ ಮಾತಾಡದೆ ಯಾರ ಪಟ್ಟಿಗೂ ಕೈ ಹಾಕುವುದಿಲ್ಲ.

ಮುಂಡರಗಿಯವರ ಪಟ್ಟಿಯನ್ನು ಮೊದಲು ಅವರು ಹೇಳಿದಂತೆಯೇ ತುಂಬಿದೆವು. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ನಡೆಸುವ ಅಣಕು ಹಂಚಿಕೆಯ ಫಲಿತಾಂಶದಲ್ಲಿ ಬೆಂಗಳೂರಿನ ಒಂದು ಕಾಲೇಜು ಬಂತು. ಬ್ರಾಂಚ್ ಯಾವುದೆಂದು ಓದಿದಾಗ ತಂದೆಗೇ ಅದರ ಹೆಸರು ಉಚ್ಚರಿಸಲು ಬರಲಿಲ್ಲ. "ಇದರಾಗ ಏನ್ ಕಲೀತಾರವಾ?" ಎಂದು ಮಗಳನ್ನು ಕೇಳಿದರು. "ನನಗೂ ಗೊತ್ತಿಲ್ಲಪ್ಪಾ" ಎಂದಳು. ಅವರು ಸ್ವಲ್ಪ ಹೊತ್ತು ಸುಮ್ಮನೆ ಕೂತು, ಅಳಿಯನ ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡು, "ನೀನ ಹೇಳು, ಸರ ಬರೀಲಿ" ಎಂದರು. ಬದಲಾವಣೆಗೆ ಇನ್ನೂ ಅವಕಾಶವಿತ್ತು. ಮೊದಲ ಆರು ಸಾಲುಗಳೂ ಸಿವಿಲ್ ಆದವು, ಮತ್ತು ಅವುಗಳಲ್ಲಿ ಎರಡು ಬೆಂಗಳೂರಿನವೇ ಆಗಿದ್ದವು, ಏಕೆಂದರೆ ದೂರ ಹೋಗಲು ಅವಳಿಗೆ ಹೆದರಿಕೆಯಿರಲಿಲ್ಲ. ಕೊನೆಗೆ ಸಿಕ್ಕಿದ್ದು ಧಾರವಾಡದ್ದು.

ಕಳೆದ ದೀಪಾವಳಿಗೆ ಇಬ್ಬರೂ ಬಂದಿದ್ದರು. ಬಿಸಿಲಿನಲ್ಲಿ ಸರ್ವೆ ಮಾಡಿ ಮಾಡಿ ಕಪ್ಪಾಗಿದ್ದೇನೆಂದು ಅವಳು ನಗುತ್ತ ದೂರುತ್ತಿದ್ದಳು. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯವರು ಕಟ್ಟೆಗೆ ಬಂದು, ಮಗಳು ಎಲ್ಲಿ ಓದುತ್ತಾಳೆಂದು ವಿಚಾರಿಸಿದರು. ತಂದೆ ನನ್ನ ಕಡೆ ಒಮ್ಮೆ ನೋಡಿ, ರುಮಾಲು ಸರಿಪಡಿಸಿಕೊಂಡು, "ಬೆಂಗಳೂರಾಗೂ ಸಿಕ್ಕಿತ್ತರೀ, ನಾವ ಬ್ಯಾಡ ಅಂದ್ವಿ" ಎಂದರು. ಅಣಕು ಹಂಚಿಕೆಯ ವಿಷಯವನ್ನು ನಾನು ಎತ್ತಲಿಲ್ಲ.