ಹೊಳೆ ಕಾಣುವ ಮನೆ

ನ್ಯೂಯಾರ್ಕಿನ ಮನೆ ದಲ್ಲಾಳಿಗಳ ಭಾಷೆಯಲ್ಲಿ ‘ಪ್ರೀ-ವಾರ್’ ಎಂದರೆ ಎರಡನೆಯ ಮಹಾಯುದ್ಧಕ್ಕೆ ಮೊದಲು ಕಟ್ಟಿದ ಮನೆ. ಹನ್ನೊಂದು ವರ್ಷ ಇಲ್ಲಿ ಬಾಡಿಗೆ ಕಟ್ಟಿದ ನನಗೆ ಇದು ಗೊತ್ತಿತ್ತು. ಶಿವಮೊಗ್ಗದಲ್ಲಿರುವ ನಮ್ಮತ್ತೆಗೆ ಗೊತ್ತಿರಲಿಲ್ಲ. ಯುದ್ಧಕ್ಕೆ ಮುಂಚಿನ ಮನೆಯೊಂದನ್ನು ಭಾನುವಾರ ನೋಡಲು ಹೋಗುತ್ತಿದ್ದೇವೆಂದು ನನ್ನ ಹೆಂಡತಿ ಫೋನಿನಲ್ಲಿ ಹೇಳಿದಾಗ ಅವರು, “ಯಾವ ಯುದ್ಧವೇ, ಬಾಂಗ್ಲಾದ್ದಾ?” ಎಂದು ಕೇಳಿದರು. 1924ರದ್ದೆಂದು ತಿಳಿದು ಸುಮ್ಮನಾದರೂ, ಹೊಳೆ ಕಾಣುತ್ತದೆಂಬ ಕಾರಣಕ್ಕೆ ಬೆಲೆ ಹೆಚ್ಚೆಂಬ ಮಾತು ಮಾತ್ರ ಅವರಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳೆಂದು ಲೆಕ್ಕ ಹಾಕುವ ಊರು ಅವರದು; ಹೊಳೆ ಕಾಣುವ ಮನೆಯವರು ಆ ದಿನ ಅಕ್ಕಿ ಮೂಟೆಯನ್ನು ಅಟ್ಟಕ್ಕೆ ಏರಿಸುತ್ತಾರೆಯೇ ಹೊರತು, ಅದಕ್ಕಾಗಿ ಯಾರಿಗೂ ಹೆಚ್ಚಿಗೆ ದುಡ್ಡು ಕೊಡುವುದಿಲ್ಲ.

ಮನೆಯಿದ್ದದ್ದು ಮ್ಯಾನ್‌ಹ್ಯಾಟನ್ನಿನ ಪಶ್ಚಿಮ ಭಾಗದಲ್ಲಿ, ರಿವರ್‌ಸೈಡ್ ಡ್ರೈವ್‌ಗೆ ಕೂಡುವ ಒಂದು ಅಡ್ಡರಸ್ತೆಯ ಐದನೆಯ ಮಹಡಿಯಲ್ಲಿ. ಬೆಲೆ 9,95,000 ಡಾಲರ್. ಹತ್ತು ಲಕ್ಷ ಮುಟ್ಟಿದರೆ ಕೊಳ್ಳುವವರು ‘ಮ್ಯಾನ್ಶನ್ ಟ್ಯಾಕ್ಸ್’, ಅಂದರೆ ಬಂಗಲೆ ತೆರಿಗೆ ಎಂದು ನೂರಕ್ಕೆ ಒಂದರಂತೆ ಕಟ್ಟಬೇಕಾಗುವುದರಿಂದ, ಇಲ್ಲಿ ಮನೆಯ ಬೆಲೆಯೂ ಬಾಟಾ ಚಪ್ಪಲಿಯ ಬೆಲೆಯ ಹಾಗೆ ಅಂಚಿನಲ್ಲಿ ನಿಂತುಬಿಡುತ್ತದೆ. ಇಷ್ಟು ಕೊಟ್ಟರೂ ಮನೆ ನಮ್ಮದಾಗುವುದಿಲ್ಲ. ಅದು ‘ಕೋ-ಆಪ್’ ಕಟ್ಟಡವಾದ್ದರಿಂದ ನಾವು ಕೊಳ್ಳುವುದು ಕಟ್ಟಡದ ಒಡೆತನ ಹೊಂದಿರುವ ಸಂಸ್ಥೆಯ ಷೇರುಗಳನ್ನು. ಆ ಸಂಸ್ಥೆಯ ಮಂಡಳಿಯವರು ನಮ್ಮ ತೆರಿಗೆ ಕಾಗದ, ಬ್ಯಾಂಕಿನ ಲೆಕ್ಕ, ಪರಿಚಯಸ್ಥರು ಕೊಟ್ಟ ನಡತೆಯ ಪತ್ರ ಎಲ್ಲವನ್ನೂ ಓದಿ, ಸಂದರ್ಶನವನ್ನೂ ಮಾಡಿ, ಕಾರಣ ಹೇಳದೆಯೇ ‘ಬೇಡ’ ಎನ್ನಬಹುದು.

ಒಳಗೆ ಕಾಲಿಡುತ್ತಿದ್ದಂತೆ ನವೀಕರಣದ ವೈಭವ ಕಣ್ಣಿಗೆ ಹೊಡೆಯಿತು. ಅಡುಗೆಮನೆಗೆ ಬಿಳಿ ಅಮೃತಶಿಲೆ, ನಲ್ಲಿಗಳಿಗೆಲ್ಲ ಹಿತ್ತಾಳೆ, ಹಳೆಯ ಮರದ ನೆಲಕ್ಕೆ ಮುಖ ಕಾಣುವಷ್ಟು ಹೊಳಪು. ಹಿಂದೆ ಮನೆಗೆಲಸದವಳು ಮಲಗುತ್ತಿದ್ದ ಗೂಡು ‘ಹೋಮ್ ಆಫೀಸ್’ ಆಗಿತ್ತು. ಕುರ್ಚಿ ಹಿಂದಕ್ಕೆ ಸರಿಸಬೇಕಾದರೆ ಬಾಗಿಲು ತೆರೆದಿರಬೇಕಾಗಿತ್ತು. ಇದನ್ನೆಲ್ಲ ದಲ್ಲಾಳಿ ಮಹಿಳೆ ವರ್ಣಿಸುತ್ತಿರುವಾಗ ಗೋಡೆಯ ಬದಿಯಿಂದ ‘ಸ್‌ಸ್‌ಸ್’ ಎಂದು ದೀರ್ಘವಾದ ಸದ್ದು ಬಂತು. ನನ್ನ ಹೆಂಡತಿ ಮಾತಿನ ನಡುವೆಯೇ “ಒಂದು” ಎಂದಳು. ಎರಡನೆಯ ಸದ್ದಿಗೆ ‘ಎರಡು’ ಎಂದು ಅಡುಗೆಮನೆಯ ಕಡೆಗೆ ನಾಲ್ಕು ಹೆಜ್ಜೆ ಹಾಕಿದ ಮೇಲೆಯೇ, ಅದು ಕುಕ್ಕರಿನ ಸೀಟಿಯಲ್ಲ, ಉಗಿ ತುಂಬಿದ ರೇಡಿಯೇಟರ್ ಗಾಳಿ ಬಿಡುತ್ತಿರುವ ಸದ್ದು ಎಂಬುದು ಅವಳಿಗೆ ಹೊಳೆದದ್ದು.

ಹೊರಗೆ ಜನವರಿಯ ಹಿಮವಿದ್ದರೂ ಒಳಗೆ ಮೇ ತಿಂಗಳ ರಾಯಚೂರಿನಂತಿತ್ತು. ಇದರ ಹಿಂದೊಂದು ಕಥೆಯಿದೆ. 1918ರ ಇನ್‌ಫ್ಲುಯೆಂಜಾ ಪಿಡುಗಿನ ನಂತರದ ದಿನಗಳಲ್ಲಿ, ಚಳಿಗಾಲದಲ್ಲಿಯೂ ಕಿಟಕಿ ತೆರೆದಿಟ್ಟು ಹೊಸ ಗಾಳಿ ಆಡಿಸಬೇಕೆಂಬ ಬುದ್ಧಿಮಾತು ಬಲವಾಗಿತ್ತು. ಕಿಟಕಿ ತೆರೆದಿದ್ದರೂ ಕೋಣೆ ಬೆಚ್ಚಗಿರಬೇಕೆಂದು ಆ ಕಾಲದ ಎಂಜಿನಿಯರರು ಬಾಯ್ಲರನ್ನೂ ರೇಡಿಯೇಟರುಗಳನ್ನೂ ದೊಡ್ಡದಾಗಿಯೇ ಇಟ್ಟರು. ಪಿಡುಗು ಹೋಯಿತು, ಸೆಕೆ ಉಳಿಯಿತು. ಹಾಗಾಗಿ ಆ ಮನೆಯ ಕಿಟಕಿಗಳೆಲ್ಲ ತೆರೆದೇ ಇದ್ದವು, ಬಚ್ಚಲುಮನೆಯದೂ.

ಹೊಳೆ ಎಲ್ಲಿ ಎಂದು ನಾನು ಕೇಳಿದಾಗ ದಲ್ಲಾಳಿ ಮಹಿಳೆ ಸಂಕೋಚವಿಲ್ಲದೆ ಬಚ್ಚಲುಮನೆಯ ಕಡೆಗೆ ಕೈ ತೋರಿಸಿದರು. ಬೇಸಿಗೆಯಲ್ಲಿ ಮರಗಳು ಚಿಗುರಿ ಮರೆಯಾಗುವುದುಂಟು, ಚಳಿಗಾಲದಲ್ಲಿ ಚೆನ್ನಾಗಿ ಕಾಣುತ್ತದೆ ಎಂದರು. ನಾನು ಒಳಗೆ ಹೋಗಿ, ನನ್ನ ಸರ್ಕಸ್ಸನ್ನು ಯಾರೂ ನೋಡುವುದು ಬೇಡವೆಂದು ಅಗುಳಿ ಹಾಕಿ, ನಾಲ್ಕು ಉಗುರುಗಾಲುಗಳ ಮೇಲೆ ನಿಂತಿದ್ದ ಹಳೆಯ ಸ್ನಾನದ ತೊಟ್ಟಿಯೊಳಗೆ ನಿಂತು, ಕಿಟಕಿಯಿಂದ ತಲೆಯನ್ನೂ ಭುಜಗಳನ್ನೂ ಹೊರಹಾಕಿ ಕತ್ತನ್ನು ಎಡಕ್ಕೆ ತಿರುಗಿಸಿದೆ. ಎರಡು ಕಟ್ಟಡಗಳ ಸಂದಿಯಲ್ಲಿ, ಉದ್ಯಾನದ ಬೋಳು ಮರಗಳಾಚೆ, ಹೆದ್ದಾರಿಯ ಕಾರುಗಳಾಚೆ, ಅಂಗೈಯಗಲದ ಹಡ್ಸನ್ ನದಿ ನಿಜವಾಗಿಯೂ ಇತ್ತು.

ಆ ಕಾಲದ ಕಿಟಕಿಗಳ ಚೌಕಟ್ಟನ್ನು ಮೇಲೆತ್ತಿ ನಿಲ್ಲಿಸುವುದು ಗೋಡೆಯೊಳಗೆ ಹಗ್ಗದಲ್ಲಿ ತೂಗುವ ಕಬ್ಬಿಣದ ಗುಂಡುಗಳು. ನವೀಕರಣ ಮಾಡಿದವರು ನಲ್ಲಿಗೆ ಹಿತ್ತಾಳೆ ಹಾಕಿದ್ದರು, ಹಗ್ಗವನ್ನು ಮಾತ್ರ ಬದಲಿಸಿರಲಿಲ್ಲ. ಅದು ಕಡಿಯಿತು. ಗುಂಡು ಗೋಡೆಯೊಳಗೆ ಧಡಾರೆಂದು ಬಿತ್ತು, ಚೌಕಟ್ಟು ನನ್ನ ಬೆನ್ನ ಮೇಲೆ ಇಳಿಯಿತು, ಕನ್ನಡಕ ಮೂಗಿನಿಂದ ಜಾರಿ ಐದು ಮಹಡಿ ಕೆಳಗಿನ ಅಂಗಳದ ಕಡೆಗೆ ಹೊರಟುಹೋಯಿತು. ಬಾಗಿಲು ತಟ್ಟಿ ನೆರವು ಕೇಳೋಣವೆಂದರೆ ಕೈ ತಲುಪುವಂತಿರಲಿಲ್ಲ. ಕಾಲಿನಿಂದ ತೊಟ್ಟಿಯನ್ನು ಒದ್ದೆ. ಹೊರಗೆ ದಲ್ಲಾಳಿ ಮಹಿಳೆ ಇನ್ನೊಂದು ದಂಪತಿಗೆ, ಕೊಳವೆಯಲ್ಲಿ ನಿಂತ ನೀರಿಗೆ ಉಗಿ ಬಡಿದಾಗ ಹಳೆಯ ಮನೆಗಳಲ್ಲಿ ಹೀಗೆ ‘ಟಣ್ ಟಣ್’ ಸದ್ದಾಗುವುದು ಸಹಜವೆಂದೂ, ಕೇಳುತ್ತ ಕೇಳುತ್ತ ಅದೇ ಒಂದು ಸೊಬಗೆಂದೂ ವಿವರಿಸುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ನಾನು ಇನ್ನಷ್ಟು ಜೋರಾಗಿ ಒದ್ದೆ. ಆ ದಂಪತಿಗೆ ಮನೆ ಹಿಡಿಸುತ್ತ ಬಂದಂತೆ ತೋರಿತು.

ಕೊನೆಗೆ “ರೀ, ಒಳಗೇ ಗೃಹಪ್ರವೇಶ ಮಾಡ್ಕೊಂಡ್ರಾ?” ಎಂದು ಹೆಂಡತಿ ಕೂಗಿದಳು. ನಾನು ಬೀದಿಯ ಕಡೆಗೆ ಮುಖ ಮಾಡಿಕೊಟ್ಟ ಉತ್ತರ ಅವಳಿಗಿಂತ ಮೊದಲು ತಲುಪಿದ್ದು ಕೆಳಗೆ ಹಿಮ ಗುಡಿಸುತ್ತಿದ್ದ ಕಟ್ಟಡದ ಉಸ್ತುವಾರಿಯವನಿಗೆ. ಇಲ್ಲಿ ಅವರನ್ನು ‘ಸೂಪರ್’ ಎಂದು ಕರೆಯುತ್ತಾರೆ. ಆ ದಿನ ಅವನು ಎರಡೂ ಅರ್ಥದಲ್ಲಿ ಹಾಗೆಯೇ ಇದ್ದ. ಅವನು ಮೇಲೆ ಬಂದು ಅಗುಳಿ ಬಿಚ್ಚಿ, ಒಂದೇ ಕೈಯಲ್ಲಿ ಚೌಕಟ್ಟನ್ನೆತ್ತಿ ನನ್ನನ್ನು ಹಿಂದಕ್ಕೆ ಎಳೆದು, ಜೇಬಿನಿಂದ ನನ್ನ ಕನ್ನಡಕವನ್ನು ತೆಗೆದು ಕೊಟ್ಟ. ಹಿಮದ ಮೇಲೆ ಬಿದ್ದಿದ್ದರಿಂದ ಒಂದು ಗಾಜು ಉಳಿದಿತ್ತು.

ಸಂಜೆ ಅತ್ತೆಯ ಫೋನು ಬಂತು. ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕುಳಿತಿದ್ದ ನನ್ನನ್ನೇ ಕರೆದು, ವಾಸ್ತುವಿಗೆ ಬೇಕಾಗುತ್ತದೆ, ಹೊಳೆ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಕೇಳಿದರು. ಹಡ್ಸನ್ ದಕ್ಷಿಣಕ್ಕೆ ಹರಿದು ಸಮುದ್ರ ಸೇರುವ ನದಿಯಾದರೂ, ಸಮುದ್ರದ ಭರತ ಇನ್ನೂರು ಕಿಲೋಮೀಟರಿಗೂ ದೂರದ ಟ್ರಾಯ್ ಪಟ್ಟಣದವರೆಗೆ ಏರುವುದರಿಂದ, ದಿನಕ್ಕೆರಡು ಸಲ ನೀರು ಉತ್ತರಕ್ಕೂ ಹರಿಯುತ್ತದೆ. ನಾನು ಇದ್ದದ್ದನ್ನು ಇದ್ದ ಹಾಗೆ, “ಎರಡೂ ಕಡೆಗೆ ಹರಿಯುತ್ತೆ ಅತ್ತೆ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಳಿಯಂದಿರೇ, ನೀವು ಮೊದಲು ಕನ್ನಡಕ ಸರಿ ಮಾಡಿಸ್ಕೊಳ್ಳಿ” ಎಂದರು.